ಡಲ್ಲಾಸ್ ಗ್ರಂಥಾಲಯದ ಲೋಹತೆರೆ

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಶಿಲ್ಪಿ ಹ್ಯಾರಿ ಬೆರ್ಟೋಯಾ (1915-1978) 1955ರಲ್ಲಿ ರೂಪಿಸಿದ ಅಮೂರ್ತ ಲೋಹಶಿಲ್ಪ. ಟೆಕ್ಸ್ಚರ್ಡ್ ಸ್ಕ್ರೀನ್ ಎಂಬ ಹೆಸರಿನ ಈ ತೆರೆ ಸುಮಾರು 10 ಅಡಿ ಎತ್ತರ, 24 ಅಡಿ ಉದ್ದವಿದೆ. ಇದರಲ್ಲಿ ಮನುಷ್ಯಾಕೃತಿ ಇಲ್ಲ; ಗ್ರಂಥಾಲಯವೆಂದರೆ ಎಲ್ಲರೂ ನಿರೀಕ್ಷಿಸುವ ಪುಸ್ತಕ, ದೀಪಗಳ ಸಂಕೇತವೂ ಇಲ್ಲ.

ಇಟಲಿಯ ಸ್ಯಾನ್ ಲೊರೆನ್ಜೊದಲ್ಲಿ ಹುಟ್ಟಿದ ಬೆರ್ಟೋಯಾ 1930ರಲ್ಲಿ ಅಮೆರಿಕಕ್ಕೆ ಬಂದು, ಕ್ರಾನ್‌ಬ್ರೂಕ್ ಕಲಾಶಾಲೆಯಲ್ಲಿ ಓದಿ ಅಲ್ಲಿಯೇ ಲೋಹಕೆಲಸ ಕಲಿಸಿದ. ನೋಲ್ ಸಂಸ್ಥೆಗಾಗಿ ವಿನ್ಯಾಸ ಮಾಡಿದ ತಂತಿಯ ಕುರ್ಚಿಗಳು 1952ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳಿಂದ ಬಂದ ಆದಾಯ ಈತನನ್ನು ಪೂರ್ಣಾವಧಿ ಶಿಲ್ಪಿಯಾಗಿಸಿತು. ಉಕ್ಕಿನ ಸಣ್ಣ ಹಲಗೆಗಳನ್ನು ಸರಳುಗಳಿಗೆ ಬೆಸೆದು, ಕೆಲವನ್ನು ಮುಂದಕ್ಕೆ, ಕೆಲವನ್ನು ಹಿಂದಕ್ಕೆ ನಿಲ್ಲಿಸಿ, ಮೇಲೆ ಹಿತ್ತಾಳೆಯಂಥ ಲೋಹವನ್ನು ಕರಗಿಸಿ ಲೇಪಿಸುವುದು ಆ ವರ್ಷಗಳಲ್ಲಿ ಈತನ ಪದ್ಧತಿ. ಲೋಹ ಆರಿ ಗಟ್ಟಿಯಾಗುವಾಗ ಮೂಡುವ ಗಂಟು, ತರಿ, ಹರಿವಿನ ಗುರುತುಗಳನ್ನು ಉಜ್ಜಿ ಅಳಿಸದೆ ಹಾಗೆಯೇ ಬಿಡುತ್ತಿದ್ದ. ಬೆಳಕು ಬಿದ್ದಾಗ ಕೆಲಸಕ್ಕೆ ಜೀವ ಬರುವುದೇ ಈ ಒರಟುತನದಿಂದ. ಡಲ್ಲಾಸ್‌ನಲ್ಲಿ ಜಗಳ ಎದ್ದದ್ದೂ ಇದರಿಂದಲೇ.

ಮೇಯರ್ ಆರ್. ಎಲ್. ಥಾರ್ನ್‌ಟನ್ ಬ್ಯಾಂಕು ಕಟ್ಟಿ ಬೆಳೆಸಿದ ವ್ಯವಹಾರಸ್ಥ. ಅವನ ಕಣ್ಣಿಗೆ ಇದು ಗುಜರಿ ಸಾಮಾನು, ಕೆಟ್ಟ ಬೆಸುಗೆ. 8,500 ಡಾಲರ್ ಸಾರ್ವಜನಿಕ ಹಣ ಇದಕ್ಕೆ ಹೋಯಿತೇ ಎಂಬ ಆಕ್ಷೇಪ ಜೊತೆಗೂಡಿತು. ಶೀತಲ ಸಮರದ ಆ ದಿನಗಳಲ್ಲಿ ಡಲ್ಲಾಸ್‌ನ ಕೆಲವು ಸಂಘಗಳು ನವ್ಯ ಕಲೆಯಲ್ಲೆಲ್ಲ ಕಮ್ಯುನಿಸಂ ಹುಡುಕುತ್ತಿದ್ದವು. ನಗರದ ಕಲಾ ಸಂಗ್ರಹಾಲಯವೂ 1955-56ರಲ್ಲಿ ಇಂಥದೇ ದೂರುಗಳನ್ನು ಎದುರಿಸಿತು. ಗ್ರಂಥಾಲಯದ ವಾಸ್ತುಶಿಲ್ಪಿ ಜಾರ್ಜ್ ಡಾಲ್ ವಾದಕ್ಕೆ ನಿಲ್ಲಲಿಲ್ಲ. ಹಣವನ್ನು ತಾನೇ ಭರಿಸಿ ತೆರೆಯನ್ನು ಕಳಚಿಸಿ ಮನೆಗೆ ಸಾಗಿಸಿಕೊಂಡ. ಹಾಗೆಂದು ಇವರಿಬ್ಬರು ಹಳೆಯ ಎದುರಾಳಿಗಳೇನಲ್ಲ: 1936ರ ಟೆಕ್ಸಸ್ ಶತಮಾನೋತ್ಸವ ಪ್ರದರ್ಶನವನ್ನು ಡಲ್ಲಾಸ್‌ಗೆ ತರಲು ದುಡಿದವರಲ್ಲಿ ಥಾರ್ನ್‌ಟನ್ ಪ್ರಮುಖ, ಅದರ ಕಟ್ಟಡಗಳ ಹೊಣೆ ಡಾಲ್‌ನದು.

ಬಳಿಕ ಕಲಾಸಕ್ತ ನಾಗರಿಕರು ಚಂದಾ ಎತ್ತಿ ತೆರೆಯನ್ನು ಕೊಂಡು ಗ್ರಂಥಾಲಯಕ್ಕೆ ಮರಳಿಸಿದರು. ಖಾಸಗಿ ಹಣದಲ್ಲಿ ಬಂದದ್ದರಿಂದ ತೆರಿಗೆಯ ಆಕ್ಷೇಪಕ್ಕೆ ಎಡೆ ಉಳಿಯಲಿಲ್ಲ. ಶಿಲ್ಪದಲ್ಲಿ ಮಾತ್ರ ಒಂದು ಹಲಗೆಯೂ ಬದಲಾಗಿರಲಿಲ್ಲ.

ಬೆರ್ಟೋಯಾನ ಇನ್ನೊಂದು ತೆರೆಗೂ ಇಂಥದೇ ಗತಿ ಬಂತು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಬ್ಯಾಂಕೊಂದಕ್ಕೆ 1954ರಲ್ಲಿ ಮಾಡಿದ 70 ಅಡಿ ಉದ್ದದ ತೆರೆಯನ್ನು 2010ರಲ್ಲಿ ಕಳಚಲಾಯಿತು. ಸಂರಕ್ಷಣಾಸಕ್ತರ ಪ್ರತಿಭಟನೆಯ ಬಳಿಕ ಅದು 2012ರಲ್ಲಿ ಹಿಂದಿರುಗಿತು.

ಡಲ್ಲಾಸ್ ಗ್ರಂಥಾಲಯ 1982ರಲ್ಲಿ ಈಗಿನ ಜೆ. ಎರಿಕ್ ಜಾನ್ಸನ್ ಕೇಂದ್ರ ಗ್ರಂಥಾಲಯದ ಕಟ್ಟಡಕ್ಕೆ ಹೋಯಿತು. ತೆರೆಯೂ ಅಲ್ಲಿಗೆ ಸೇರಿತು. ಕಾಮರ್ಸ್ ಬೀದಿಯ ಹಳೆಯ ಕಟ್ಟಡ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2017ರಲ್ಲಿ ಡಲ್ಲಾಸ್ ಮಾರ್ನಿಂಗ್ ನ್ಯೂಸ್ ಪತ್ರಿಕೆಯ ಕಚೇರಿ ಅಲ್ಲಿಗೆ ಬಂತು.