ತಣ್ಣಗಿರವ್ವ

ನಮ್ಮಜ್ಜಿಯ ಮುಖದ ತುಂಬ ಸಿಡುಬಿನ ಕಲೆ. ಅವಳ ಬಾಯಲ್ಲಿ ಅದು ಸಿಡುಬಲ್ಲ, ಅಮ್ಮ. ಅವಳ ಎರಡು ಮಕ್ಕಳನ್ನು ಒಯ್ದದ್ದೂ ಅದೇ ಅಮ್ಮ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಬಾಗಿಲಿಗೆ ಬೇವಿನಸೊಪ್ಪು, ದೇವಿಗೆ ಮೊಸರನ್ನದ ಎಡೆ. ಮಕ್ಕಳನ್ನು ಮಣ್ಣು ಮಾಡಿದ ವರ್ಷವೂ ಅಜ್ಜಿ ಕಣಿವೆ ಮಾರಮ್ಮನಿಗೆ ಎಡೆ ಒಯ್ದು ಒಂದೇ ಮಾತು ಹೇಳಿ ಬಂದಳಂತೆ: "ತಣ್ಣಗಿರವ್ವ." ಕಾಪಾಡು ಎನ್ನಲಿಲ್ಲ. ಯಾಕೆ ಹಿಂಗೆ ಮಾಡಿದೆ ಎಂದೂ ಕೇಳಲಿಲ್ಲ.

ಆ ಮಾರಮ್ಮನಿಂದಲೇ ಮಾರಿಕಣಿವೆ ಎಂಬ ಹೆಸರು. ನಮ್ಮ ಹೊಸದುರ್ಗದ ಸೀಮೆ ದಾಟಿದ ವೇದಾವತಿ ಗುಡ್ಡಗಳ ನಡುವೆ ನುಸುಳಿ ಹಿರಿಯೂರಿನ ಕಡೆ ಇಳಿಯುವ ಇಕ್ಕಟ್ಟಿನ ಜಾಗ ಅದು. ನಮ್ಮದು ಮಳೆ ನಂಬಿದರೆ ಕೆಟ್ಟೆವು ಎನ್ನುವ ನಾಡು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದು ಹೋದದ್ದು 1876-78ರ ಧಾತು-ಈಶ್ವರ ಸಂವತ್ಸರಗಳ ಬರ.

ಆ ಬರ ಕಳೆದು ಇಪ್ಪತ್ತು ವರ್ಷಕ್ಕೆ, 1898ರಲ್ಲಿ, ಕಣಿವೆಗೆ ಅಡ್ಡ ಕಟ್ಟೆ ಏಳತೊಡಗಿತು. ಸಿಮೆಂಟಿಲ್ಲ, ಕಲ್ಲು ಮತ್ತು ಸುಣ್ಣದ ಗಾರೆ. 1907ಕ್ಕೆ ಮುಗಿಯಿತು. ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ವಾಣಿವಿಲಾಸ ಸಾಗರ ಎಂದಾಯಿತು. ನೀರು 130 ಅಡಿಗೆ ಬಂದರೆ ಕೋಡಿ. ಹಿಡಿಯುವುದು 30 ಟಿಎಂಸಿ. ಜನ ಮಾತ್ರ ಮಾರಿಕಣಿವೆ ಎನ್ನುವುದನ್ನು ಬಿಡಲಿಲ್ಲ. 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಿ ಕಂಡಿದ್ದಳು. ಆಮೇಲೆ 89 ವರ್ಷ ಆ ಕೋಡಿ ಒಣಗಿಯೇ ಇತ್ತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಮಾರಿಯನ್ನು ಗಡಿ ದಾಟಿಸುವ ಪದ್ಧತಿಯಿತ್ತು. ಬೇನೆ ಬಂದಾಗ ಮಾರಿಯನ್ನು ಪೂಜಿಸಿ, ಉಣಿಸಿ, ತಮಟೆ ಬಾರಿಸುತ್ತ ಊರ ಗಡಿಯಾಚೆ ಬಿಟ್ಟು ಹಿಂತಿರುಗಿ ನೋಡದೆ ಬರುವುದು. ಆಚೆ ಇರುವುದು ಇನ್ನೊಂದು ಊರು. ಅವರೂ ಹಾಗೆಯೇ ಅವರ ಗಡಿ ದಾಟಿಸುತ್ತಿದ್ದರು. ಚಿಕ್ಕವನಿದ್ದಾಗ ಕೇಳಿದ್ದೆ: "ಅವರಿಗೆ ಹೋದ್ರೆ ಪಾಪ ಅಲ್ವೇನಜ್ಜಿ?" ಅಜ್ಜಿ ಎಲೆ ಮಡಿಸುತ್ತ ಅಂದಿದ್ದಳು: "ಅದಕ್ಕೇ ಕಣೋ ಉಣ್ಣಿಸಿ ಕಳ್ಸೋದು. ಹಸ್ಕೊಂಡು ಹೋಗಬಾರದು."

2022ರ ಸೆಪ್ಟೆಂಬರ್, ಹುಬ್ಬೆ ಮಳೆ. ಕಣಿವೆ ಕೋಡಿ ಬಿತ್ತು. ಹಿರಿಯೂರಿಗೆ ಕೊಟ್ಟ ನಮ್ಮಕ್ಕ ಫೋನಿನಲ್ಲಿ ಅಳುತ್ತಲೇ ನಗುತ್ತಿದ್ದಳು. ಹಿಂದಿನ ಬರದಲ್ಲಿ ಅವಳ ತೋಟದ ತೆಂಗು ಸುಳಿ ಒಣಗಿ ನಿಂತದ್ದನ್ನು ನಾನೇ ನೋಡಿದ್ದೆ. "ಹೋಳಿಗೆ ಮಾಡೀನಿ, ಬಾರೋ" ಎಂದಳು. ನಾನು ಆಗ ನಮ್ಮ ತೋಟದ ಬದುವಿನ ಮೇಲೆ ನಿಂತಿದ್ದೆ. ಹಿನ್ನೀರು ಅಡಿಕೆ ಗಿಡಗಳ ಸೊಂಟ ಮುಟ್ಟಿತ್ತು. ಹೇಳಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಅವಳ ಗಡಿಯ ಬರವನ್ನು ದಾಟಿಸಿದ ನೀರೇ ನನ್ನ ಗಡಿಯೊಳಗೆ ಬಂದಿತ್ತು.

ಸಿಡುಬು ಹೋಯಿತು, ಭಾರತ ಸಿಡುಬುಮುಕ್ತ ಎಂದು 1977ರಲ್ಲಿ ಘೋಷಣೆಯೂ ಆಯಿತು. ಮಾರಮ್ಮನಿಗೆ ಎಡೆ ಮಾತ್ರ ನಿಂತಿಲ್ಲ. ಪುಸ್ತಕ ಓದಿದ ನಾನು ಬಹಳ ಕಾಲ ಇದನ್ನು ಭಯದ ಭಕ್ತಿ ಎಂದುಕೊಂಡಿದ್ದೆ. ಭಯವೇ ಆಗಿದ್ದರೆ ಅಜ್ಜಿ ತನಗಾಗಿ ಏನಾದರೂ ಬೇಡುತ್ತಿದ್ದಳು. ಅವಳು ಹಾರೈಸಿದ್ದು ದೇವಿಯ ಮೈ ತಂಪಾಗಲಿ ಎಂದು. ಮಕ್ಕಳನ್ನು ಒಯ್ದವಳಿಗೂ ಉರಿ ಇದ್ದೀತು ಎಂಬ ಕನಿಕರದಿಂದ.

ಆ ಸಂಜೆ ಬದುವಿನಿಂದ ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತೆ. ಬಾಯಿಗೆ ತಾನಾಗಿ ಬಂತು: "ತಣ್ಣಗಿರವ್ವ." ನೀರಿಗೆ ತಣ್ಣಗಿರು ಅಂದೆನಲ್ಲ ಎಂದು ನಗು ಬಂತು. ಮಾರನೆಯ ದಿನ ಹೋಳಿಗೆ ಉಣ್ಣಲು ಹಿರಿಯೂರಿನ ಬಸ್ಸು ಹತ್ತಿದೆ.