ಸೊಲ್ಲಾಪುರದ ಪೇಠೆಗಳು ಮತ್ತು ಮನೆಗಳ ಬೆಲೆ

ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಕಾಳಗಗಳ ತಾರೀಖು ಎಂಬ ತಿಳುವಳಿಕೆ ನಮ್ಮ ವರ್ಗಗಳಲ್ಲಿ ಇನ್ನೂ ಬೇರೂರಿ ನಿಂತಿದೆ. ಆದರೆ ನಾವು ವಾಸಿಸುವ ಮನೆಗೂ ಒಂದು ಇತಿಹಾಸವುಂಟು. ಅದರ ಬಾಡಿಗೆಗೂ ಬೆಲೆಗೂ ಇತಿಹಾಸವುಂಟು. ಒಂದು ಓಣಿಯಲ್ಲಿ ಜಾಗೆಯ ಬೆಲೆ ಏರುವುದೇಕೆ, ಪಕ್ಕದ ಓಣಿಯಲ್ಲಿ ಮನೆಗಳು ಕೀಲಿ ಹಾಕಿಸಿಕೊಂಡು ಕುಸಿಯುವುದೇಕೆ ಎಂದು ಕೇಳುತ್ತ ಹೊರಟರೆ ಊರಿನ ನೂರೈವತ್ತು ವರ್ಷಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ. ಸೊಲ್ಲಾಪುರದ ಮಟ್ಟಿಗೆ ಈ ಪ್ರಶ್ನೆಯು ಕನ್ನಡ ಶಾಲೆಗಳ ಅಳಿವು-ಉಳಿವಿನೊಡನೆಯೂ ಹೆಣೆದುಕೊಂಡಿದೆ. ಆದುದರಿಂದ ಶಿಕ್ಷಕರೂ ವಿದ್ಯಾರ್ಥಿಗಳೂ ಇದನ್ನು ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಶರಣ ಸಿದ್ಧರಾಮನು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕೆರೆ, ಗುಡಿ, ಭುಯಿಕೋಟೆ, ಇವುಗಳ ಮಗ್ಗುಲಲ್ಲಿಯೇ ಹಳೆಯ ಊರು ಬೆಳೆಯಿತು. ಉತ್ತರ ಕಸಬೆ, ದಕ್ಷಿಣ ಕಸಬೆ ಎಂಬವು ಅದರ ತಿರುಳು. ಊರ ಸುತ್ತಲೂ ಗೋಡೆ ಇದ್ದಿತು, ಗೋಡೆಗೆ ಅಗಸಿಗಳಿದ್ದವು. ಅಗಸಿಗೆ ಮರಾಠಿಯಲ್ಲಿ ವೇಸ ಎನ್ನುವರು. ಬಾಳಿವೇಸ, ತುಳಜಾಪುರ ವೇಸ, ವಿಜಾಪುರ ವೇಸ ಎಂಬ ಹೆಸರುಗಳನ್ನು ನಾವು ದಿನವೂ ಉಚ್ಚರಿಸುತ್ತೇವೆ. ಅಗಸಿಗಳು ಮಾತ್ರ ಈಗ ಇಲ್ಲ. ಊರು ಹಿಗ್ಗಲು ಎಡೆ ಸಾಲದೆ 1872ರ ಸುಮಾರಿಗೆ ಗೋಡೆಯ ಬಹುಭಾಗವನ್ನು ಕೆಡವಿದರು. ಗೋಡೆಯ ಒಳಗಿನ ಜಾಗೆಗೆ ಒಂದು ಬೆಲೆ, ಹೊರಗಿನ ಜಾಗೆಗೆ ಇನ್ನೊಂದು ಬೆಲೆ ಎಂಬ ಹಳೆಯ ಲೆಕ್ಕವು ಅಂದಿನಿಂದ ಬದಲಾಗತೊಡಗಿತು.

ಈ ಬದಲಾವಣೆಗೆ ಮೂಲವಾದವು ಎರಡು: ರೈಲು ಮತ್ತು ಗಿರಣಿ. ಮುಂಬಯಿಯ ಕಡೆಯಿಂದ ಬಂದ ಜಿ.ಐ.ಪಿ. ರೈಲು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಮುಂದೆ ಹೋಟಗಿಯಿಂದ ವಿಜಾಪುರದ ಕಡೆಗೂ ಹಾದಿ ಬಿದ್ದು ಕನ್ನಡ ನಾಡಿನ ಹತ್ತಿ ಈ ಪೇಟೆಗೆ ಸುಲಭವಾಗಿ ಬರುವಂತಾಯಿತು. ಸೊಲ್ಲಾಪುರದ ಮೊದಲ ನೂಲಿನ ಗಿರಣಿ, ಎಂದರೆ ಜನರ ಬಾಯಲ್ಲಿ ‘ಜೂನಿ ಗಿರಣಿ’, 1877ರ ಹೊತ್ತಿಗೆ ಕೆಲಸವನ್ನಾರಂಭಿಸಿತು. ಬಳಿಕ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು ಮೊದಲಾದ ಗಿರಣಿಗಳು ತಲೆಯೆತ್ತಿದವು. ಅಕ್ಕಲಕೋಟ, ಇಂಡಿ, ಆಳಂದದ ಕಡೆಯ ಕನ್ನಡಿಗರೂ, ಮರಾಠಿ ಹಳ್ಳಿಗಳವರೂ, ತೆಲಂಗಾಣದ ಪದ್ಮಶಾಲಿ ನೇಕಾರರೂ ಹೊಟ್ಟೆಯ ಪಾಡಿಗಾಗಿ ಇಲ್ಲಿಗೆ ಬಂದರು. ಬಂದವರಿಗೆ ತಲೆಯ ಮೇಲೊಂದು ಮಾಳಿಗೆ ಬೇಕಷ್ಟೆ. ಗಿರಣಿಯ ಭೋಂಗಾ ಕೇಳುವಷ್ಟು ದೂರದಲ್ಲಿ ಒಂದೊಂದೇ ಖೋಲಿಯ ಚಾಳುಗಳು ಸಾಲುಗಟ್ಟಿದವು.

ಪೂರ್ವದ ಪೇಠೆಗಳ ರೀತಿ ಬೇರೆ. ಸಾಖರ ಪೇಠ, ಭವಾನಿ ಪೇಠ, ದಾಜಿ ಪೇಠಗಳಲ್ಲಿ ನೇಕಾರರ ಬಳಕೆಯೇ ಹೆಚ್ಚು. ಅಲ್ಲಿ ಮನೆ ಎಂದರೆ ಬರಿಯ ವಾಸದ ಸ್ಥಳವಲ್ಲ, ಕಾರಖಾನೆಯೂ ಹೌದು. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡಿಗೆ, ಅಟ್ಟದ ಮೇಲೆ ನೂಲು. ಆದುದರಿಂದ ಅಲ್ಲಿಯ ಮನೆಯ ಬೆಲೆಯನ್ನು ಎಷ್ಟು ಜನ ಮಲಗಬಹುದೆಂದು ನೋಡಿ ಕಟ್ಟುತ್ತಿರಲಿಲ್ಲ, ಎಷ್ಟು ಮಗ್ಗ ಹಿಡಿಯುವುದೆಂದು ನೋಡಿ ಕಟ್ಟುತ್ತಿದ್ದರು. ಅದೇ ಭಾಗದಲ್ಲಿ ‘ಜೋಡಬಸವಣ್ಣ ಚೌಕ’ ಎಂಬ ಅಚ್ಚಗನ್ನಡ ಹೆಸರು ಇಂದಿಗೂ ಬಾಳಿ ಬಂದಿರುವುದು ಗಮನಿಸತಕ್ಕ ಸಂಗತಿ. ಮೂರು ಭಾಷೆಗಳು ಒಂದೇ ಓಣಿಯ ನೀರು ಕುಡಿದುದಕ್ಕೆ ಅದೊಂದು ಸಾಕ್ಷಿ.

ಇನ್ನು ಕಾನೂನಿನ ಕೈವಾಡವನ್ನು ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಟ್ಟಣಗಳ ಬಾಡಿಗೆ ಎಲ್ಲೆ ಮೀರಿತು. ಬಡ ಬಾಡಿಗೆದಾರನನ್ನು ಕಾಪಾಡಲೆಂದು ಮುಂಬಯಿ ಸರಕಾರವು 1947ರಲ್ಲಿ ಬಾಡಿಗೆ ನಿಯಂತ್ರಣದ ಕಾಯದೆಯನ್ನು ತಂದಿತು. 1940ನೆಯ ಸಪ್ಟಂಬರ 1ರಂದು ಇದ್ದ ಬಾಡಿಗೆಯೇ ಪ್ರಮಾಣವೆಂದು ಅದರಲ್ಲಿ ಗೊತ್ತುಪಡಿಸಲಾಯಿತು. ಉದ್ದೇಶವು ಒಳ್ಳೆಯದೇ, ಎಷ್ಟೋ ಕುಟುಂಬಗಳು ಬೀದಿಗೆ ಬೀಳದೆ ಉಳಿದವು. ಆದರೆ ಕಾಲವು ಕಳೆದಂತೆ ಅದಕ್ಕೆ ಇನ್ನೊಂದು ಮುಖವೂ ಕಾಣಿಸಿಕೊಂಡಿತು. ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಲಿ: ತಿಂಗಳಿಗೆ 10 ರೂಪಾಯಿ ಬಾಡಿಗೆಯಾದರೆ ಮಾಲಕನಿಗೆ ವರ್ಷಕ್ಕೆ ಬರುವುದು 120 ರೂಪಾಯಿ. ಮಾಳಿಗೆ ಸೋರಿದರೆ ಅಷ್ಟರಲ್ಲಿ ಒಬ್ಬ ಗವಂಡಿಯ ಒಂದು ದಿನದ ಕೂಲಿಯೂ ಇಂದು ತೀರದು. ಮಾಲಕನು ದುರಸ್ತಿಯನ್ನು ಬಿಟ್ಟನು. ಬಾಡಿಗೆದಾರನು ಪರರ ಮನೆಗೆ ತಾನೇಕೆ ಹಣ ಸುರಿಯಲೆಂದನು. ಇಬ್ಬರ ನಡುವೆ ವಾಡೆ ಕುಸಿಯಿತು. ಅಜ್ಜನ ವಾಡೆಗೆ ಮೊಮ್ಮಕ್ಕಳು ಹತ್ತಾರು ಪಾಲುದಾರರಾದ ಮೇಲಂತೂ ಮಾರುವುದೂ ಕಷ್ಟ, ಕಟ್ಟುವುದೂ ಕಷ್ಟ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯದೆಯು ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ ಏರಿಸಲು ಅನುಮತಿ ಕೊಟ್ಟಿತು. ಆದರೆ 10 ರೂಪಾಯಿಗೆ ಶೇಕಡಾ 4 ಎಂದರೆ ನಾಲ್ವತ್ತು ಪೈಸೆ!

ಇದೇ ವೇಳೆಗೆ ಗಿರಣಿಗಳಿಗೂ ಇಳಿಗಾಲ ಬಂದಿತು. ಜೂನಿ ಗಿರಣಿ 1949ರಲ್ಲಿ ಒಮ್ಮೆ ನಿಂತಿತು. 1950ರಲ್ಲಿ ಕೇಂದ್ರ ಸರಕಾರವು ಅದರ ಆಡಳಿತವನ್ನು ಕೈಗೆತ್ತಿಕೊಂಡಿತು. ಆ ಕುರಿತ ಖಟ್ಲೆ ಸುಪ್ರೀಂ ಕೋರ್ಟಿನ ತನಕ ನಡೆದು ಕಾನೂನಿನ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಮುಂದೆ ಆ ಗಿರಣಿ ಕಾಯಮವಾಗಿ ಮುಚ್ಚಿತು; ಲಕ್ಷ್ಮಿ-ವಿಷ್ಣು ಗಿರಣಿಗಳೂ ಅದೇ ಹಾದಿಯನ್ನು ಹಿಡಿದವು. ಗಿರಣಿ ನಿಂತರೆ ಚಾಳಿನ ಖೋಲಿಗೆ ಬೆಲೆಯೆಲ್ಲಿಯದು? ದುಡಿಮೆ ಹತ್ತಿರವಿದೆಯೆಂಬುದೇ ಅದರ ಬೆಲೆಯಾಗಿತ್ತು. ಆದರೆ ಖೋಲಿಯ ಬೆಲೆ ಇಳಿದರೂ ಅದರ ಕೆಳಗಿನ ಭೂಮಿಯ ಬೆಲೆ ಇಳಿಯಲಿಲ್ಲ. ಊರ ನಡುವಿನ ಜಾಗೆಗೆ ಅಂಗಡಿಕಾರರು ಬಂದರು. ನವಿ ಪೇಠೆಯಲ್ಲಿ ಈಗ ಬೆಲೆಯನ್ನು ಕಟ್ಟುವುದು ರಸ್ತೆಗೆ ಎಷ್ಟು ಅಡಿ ಮುಖವಿದೆ ಎಂಬುದರ ಮೇಲೆ. ಒಳಗೆ ಬಾಳುವೆ ಮಾಡಲು ಎಷ್ಟು ಅನುಕೂಲವಿದೆ ಎಂಬುದರ ಮೇಲಲ್ಲ.

ಹೀಗಿರಲು ವಾಸದ ಮನೆಗಳು ಹೊರಕ್ಕೆ ಸಾಗಿದವು. 1964ರಲ್ಲಿ ನಗರಸಭೆಯು ಮಹಾನಗರಪಾಲಿಕೆಯಾಯಿತು. 1992ರಲ್ಲಿ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು ಅದರ ಕ್ಷೇತ್ರವು ಸುಮಾರು 33 ಚದರ ಕಿಲೋಮೀಟರಿನಿಂದ 178 ಚದರ ಕಿಲೋಮೀಟರಿಗೆ ಏರಿತು. 1991ರ ಜನಗಣತಿಯಲ್ಲಿ 6,04,215 ಇದ್ದ ಜನಸಂಖ್ಯೆ 2011ರಲ್ಲಿ 9,51,558 ಆಯಿತು. ಎಂದರೆ ಜನ ಒಂದೂವರೆ ಪಟ್ಟು, ನೆಲ ಐದು ಪಟ್ಟಿಗಿಂತಲೂ ಹೆಚ್ಚು. ವಿಜಾಪುರ ರಸ್ತೆ, ಹೋಟಗಿ ರಸ್ತೆ, ಜುಳೆ ಸೊಲ್ಲಾಪುರ, ಇವು ನೌಕರರ ಹಾಗೂ ವ್ಯಾಪಾರಸ್ಥರ ಹೊಸ ಬಡಾವಣೆಗಳಾದವು. ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟ ತಾಲೂಕುಗಳಲ್ಲಿ ಹೊಲ ಮನೆ ಇದ್ದವರು ಮಕ್ಕಳ ಓದಿಗಾಗಿ ಮೊದಲು ನೋಡುವುದು ಈ ದಿಕ್ಕನ್ನೇ. ಊರ ಬಸ್ಸು ಬರುವ ರಸ್ತೆಯ ಬದಿಯಲ್ಲಿಯೇ ಮನೆಯಿರಲೆಂಬುದು ಅವರ ಬಯಕೆ.

ಹೊರಗಿನ ಬಡಾವಣೆಗಳಲ್ಲಿಯೂ ಬೆಲೆ ಒಂದೇ ಆಗಿರುವುದಿಲ್ಲ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ನೀರು. ಹಿಂದೆ ಏಕರೂಖ ಕೆರೆ, ಇಂದು ಭೀಮಾ ನದಿಯ ಉಜನಿ ಜಲಾಶಯ ಊರಿಗೆ ಆಧಾರ; ಆದರೂ ನಳವು ಎಷ್ಟು ದಿನಕ್ಕೊಮ್ಮೆ ಬರುವುದೆಂದು ಕೇಳದೆ ಸೊಲ್ಲಾಪುರದಲ್ಲಿ ಯಾರೂ ಮನೆ ಹಿಡಿಯರು. ಎರಡನೆಯದು ರಸ್ತೆ. ಮೂರನೆಯದು ಕಾಗದಪತ್ರ. 1 ಎಕರೆಗೆ 40 ಗುಂಟೆ. 1 ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಮಂಜೂರಾದ ಬಡಾವಣೆಯಲ್ಲಿ ರಸ್ತೆಗೆಂದೂ ಬಯಲಿಗೆಂದೂ ನೆಲ ಬಿಡಬೇಕಾಗುವುದರಿಂದ ನಾಲ್ವತ್ತು ಗುಂಟೆಯೂ ಮಾರಾಟಕ್ಕೆ ದೊರೆಯದು, ಬೆಲೆ ಏರುತ್ತದೆ. ಮಂಜೂರಿಯಿಲ್ಲದೆ ಹೊಲವನ್ನು ಗುಂಟೆಗುಂಟೆಯಾಗಿ ತುಂಡರಿಸಿ ಮಾರಿದಲ್ಲಿ ಬೆಲೆ ಅಗ್ಗ. ಆದರೆ ಗಟಾರಿಲ್ಲ, ಹಾದಿಯಿಲ್ಲ, ಉತಾರೆಯಲ್ಲಿ ಸ್ವಂತದ ಹೆಸರಿಲ್ಲ. ಇಂಥ ವಸತಿಗಳನ್ನು ಸಕ್ರಮಗೊಳಿಸಲು ಮಹಾರಾಷ್ಟ್ರದಲ್ಲಿ 2001ರಲ್ಲಿ ಗುಂಠೇವಾರಿ ಕಾಯದೆಯೇ ಬಂದಿತು. ಅಗ್ಗದ ಜಾಗೆ ಕೊಂಡ ಬಡವನು ಉಳಿದ ಬೆಲೆಯನ್ನು ಕಚೇರಿಗಳಿಗೆ ಅಲೆದು ತೆರುತ್ತಾನೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬಿಡಿ ಕಟ್ಟುವ ಹೆಣ್ಣುಮಕ್ಕಳು ಕೂಡಿಕೊಂಡು, ಕಾರ್ಮಿಕ ಮುಂದಾಳು ನರಸಯ್ಯ ಆಡಂ ಅವರ ನೇತೃತ್ವದಲ್ಲಿ, ಕುಂಭಾರಿಯ ಬಯಲಿನಲ್ಲಿ 10,000 ಮನೆಗಳನ್ನು ಕಟ್ಟಿಸಿಕೊಂಡರು. ಒಂದು ಮನೆಗೆ 60,000 ರೂಪಾಯಿ: ಕೇಂದ್ರದ್ದು ಮೂರನೆಯ ಒಂದು, ರಾಜ್ಯದ್ದು ಒಂದು, ದುಡಿಯುವ ಹೆಂಗಸಿನದು ಒಂದು. ಗೋದೂತಾಯಿ ಪರುಳೇಕರ ಅವರ ಹೆಸರಿನ ಈ ವಸತಿಯು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗರ ಕೈಯಿಂದ ಹಸ್ತಾಂತರವಾಯಿತು. ತರುವಾಯ ಅಸಂಘಟಿತ ಕಾರ್ಮಿಕರಿಗಾಗಿ ರೇ ನಗರದಲ್ಲಿ 30,000 ಮನೆಗಳ ಯೋಜನೆ ಕೈಗೊಂಡು, 2024ರ ಜನವರಿಯಲ್ಲಿ 15,000 ಮನೆಗಳನ್ನು ಒಪ್ಪಿಸಲಾಯಿತು. ಸಂತೆಯಲ್ಲಿ ಮನೆ ಕೊಳ್ಳಲಾರದವರು ಸಂಘದಿಂದ ಮನೆ ಪಡೆಯಬಲ್ಲರೆಂಬುದಕ್ಕೆ ದೇಶವೇ ನೋಡತಕ್ಕ ನಿದರ್ಶನವಿದು. ಆದರೂ ಮನೆ ದೂರವಾದಷ್ಟೂ ದಿನದ ಬಸ್ಸಿನ ಖರ್ಚು ಬೆಳೆಯುವುದೆಂಬುದನ್ನು ಮರೆಯಲಾಗದು.

ಇಷ್ಟನ್ನೂ ತಿಳಿದು ನಾವು ಮಾಡುವುದೇನು? ಶಿಕ್ಷಕರಾದ ನಮಗೆ ಊರಿನ ಇತಿಹಾಸ ಕಾಣುವುದು ಶಾಲೆಯ ದಾಖಲೆ ಪುಸ್ತಕದಲ್ಲಿ. ಅದರಲ್ಲಿ ವಿಳಾಸದ ಅಂಕಣವೊಂದಿದೆ. ಒಂದು ಕಾಲಕ್ಕೆ ಅಲ್ಲಿ ಪೇಠೆಗಳ ಹೆಸರುಗಳೇ ತುಂಬಿರುತ್ತಿದ್ದವು. ಈಗ ನಗರ, ಸೊಸಾಯಿಟಿ, ಅಪಾರ್ಟಮೆಂಟುಗಳ ಹೆಸರು ಬರುತ್ತವೆ, ಅಥವಾ ಹೆಸರೇ ಕಡಿಮೆಯಾಗುತ್ತವೆ. ತಂದೆಯು ಪೇಠೆಯ ಖೋಲಿಯನ್ನು ಬಿಟ್ಟು ಐದಾರು ಮೈಲು ಆಚೆಗೆ ಮನೆ ಕಟ್ಟಿದನೆಂದರೆ ಏಳು ವರ್ಷದ ಕೂಸು ಎರಡು ಬಸ್ಸು ಹತ್ತಿ ಕನ್ನಡ ಶಾಲೆಗೆ ಬರಲಾರದು. ಬಾಗಿಲಿಗೆ ಗಾಡಿ ಕಳಿಸುವ ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ಕನ್ನಡದ ಮೇಲಣ ಅಭಿಮಾನ ಕುಂದಿತೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ. ಅಭಿಮಾನ ಎಷ್ಟೋ ಮನೆಗಳಲ್ಲಿ ಕುಂದಿಲ್ಲ. ಮನೆಯೇ ದೂರ ಸರಿದಿದೆ. ಜಾಗೆಯ ಬೆಲೆ ಮನೆಯನ್ನು ಸರಿಸಿತು, ಮನೆ ಮಗುವನ್ನು ಸರಿಸಿತು, ಮಗು ಭಾಷೆಯಿಂದ ಸರಿಯಿತು.

ಆದುದರಿಂದ ಮನೆಗಳು ಹೋದೆಡೆಗೆ ಶಾಲೆ ಹೋಗಬೇಕು. ಇಡಿಯ ಶಾಲೆ ಆಗದಿದ್ದರೆ ಹೋಟಗಿ ರಸ್ತೆಯಲ್ಲೊಂದು, ವಿಜಾಪುರ ರಸ್ತೆಯಲ್ಲೊಂದು ಸಂಜೆಯ ಕನ್ನಡ ವರ್ಗವಾದರೂ ನಡೆಯಬೇಕು. ಅದಕ್ಕೆ ಒಂದು ಪಡಸಾಲೆ, ಒಂದು ಕರಿಹಲಗೆ ಸಾಕು. ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ನಿಮ್ಮ ಓಣಿಯ ಹತ್ತು ಮನೆಗಳಲ್ಲಿ ಮೂರು ಪ್ರಶ್ನೆಗಳನ್ನು ಕೇಳಿರಿ: ಇಲ್ಲಿಗೆ ಯಾವ ವರ್ಷ ಬಂದಿರಿ? ಎಲ್ಲಿಂದ ಬಂದಿರಿ? ಏಕೆ ಬಂದಿರಿ? ಹಿರಿಯರು ಹೇಳಿದುದನ್ನು ವಹಿಯಲ್ಲಿ ಬರೆದಿಡಿರಿ. ಅದನ್ನು ಕಂಡರೆ ಮುಂದಿನ ಕನ್ನಡ ವರ್ಗವನ್ನು ಎಲ್ಲಿ ತೆರೆಯಬೇಕೆಂಬುದು ಹಿರಿಯರಿಗೂ ತಿಳಿದೀತು.