ಗ್ಯಾಲಕ್ಸಿಯ ಅಂಗಳ ಎಲ್ಲಿಗೆ ಮುಗಿಯುತ್ತೆ? ಇಪ್ಪತ್ತು ವರ್ಷದ ಒಂದು ಜಗಳ

ವಿಡಿಯೋದಲ್ಲಿ ಓಡಿಸಿಕೊಂಡು ಹೇಳಿದ ಕಥೆ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಗ್ಯಾಲಕ್ಸಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ನಕ್ಷತ್ರಗಳ ತಟ್ಟೆ. ಆದರೆ ಆ ತಟ್ಟೆಯ ಸುತ್ತ, ಅದರ ಹಲವು ಪಟ್ಟು ದೂರದವರೆಗೆ ಅನಿಲ ಹರಡಿಕೊಂಡಿದೆ. ಹೊಸ ನಕ್ಷತ್ರಗಳಿಗೆ ಬೇಕಾದ ಕಚ್ಚಾ ಸಾಮಾನಿನ ಗೋಡೌನ್ ಅದು. ತೊಂದರೆ ಏನಂದ್ರೆ, ಅನಿಲ ತುಂಬಾ ತೆಳು. ಅದರ ಸ್ವಂತ ಬೆಳಕು ನಮಗೆ ಕಾಣೋದು ಬಹಳ ಕಷ್ಟ. ಹಾಗಾದ್ರೆ ಅದು ಇದೆ ಅಂತ ಗೊತ್ತಾಗಿದ್ದು ಹೇಗೆ?

1956ರಲ್ಲಿ ಲೈಮನ್ ಸ್ಪಿಟ್ಜರ್ ಒಂದು ಊಹೆ ಮುಂದಿಟ್ಟರು. ನಮ್ಮ ಕ್ಷೀರಪಥದ ತಟ್ಟೆಯಿಂದ ದೂರದಲ್ಲೂ ಅನಿಲದ ಮೋಡಗಳು ಕಂಡಿದ್ದವು. ಅವು ಚದುರಿ ಹೋಗದೆ ಉಳಿದಿವೆ ಅಂದ್ರೆ ಸುತ್ತಲಿಂದ ಏನೋ ಒತ್ತಿ ಹಿಡಿದಿರಬೇಕು. ಅದು ಸುಮಾರು ಹತ್ತು ಲಕ್ಷ ಡಿಗ್ರಿ ಬಿಸಿಯ ಅನಿಲ ಅಂತ ಅವರ ಲೆಕ್ಕ. ಅದಕ್ಕೆ ಹೋಲಿಸಿದರೆ ಮೋಡಗಳು 'ತಂಪು'. ತಂಪು ಅಂದ್ರೆ ಸುಮಾರು ಹತ್ತು ಸಾವಿರ ಡಿಗ್ರಿ! ಖಗೋಳದವರ ಭಾಷೆಯೇ ಹಾಗೆ.

1963ರಲ್ಲಿ ಮಾರ್ಟನ್ ಸ್ಮಿಟ್ 3ಸಿ 273 ಎಂಬ ಕ್ವೇಸಾರ್‌ನ ರೆಡ್‌ಶಿಫ್ಟ್ 0.158 ಅಂತ ಕಂಡುಹಿಡಿದರು. ಎರಡೇ ವರ್ಷದಲ್ಲಿ ರೆಡ್‌ಶಿಫ್ಟ್ 2 ದಾಟಿದ ಕ್ವೇಸಾರ್ ಸಿಕ್ಕಿತು. ಅಷ್ಟು ದೂರದಲ್ಲಿ ಅಷ್ಟು ಪ್ರಖರ ದೀಪ ಸಿಕ್ಕಮೇಲೆ, ದಾರಿಯಲ್ಲಿ ಅಡ್ಡ ಬಂದ ಅನಿಲವೆಲ್ಲ ಆ ಬೆಳಕಿನಲ್ಲಿ ತನ್ನ ಗುರುತು ಬಿಡಲೇಬೇಕಲ್ವಾ? 1965ರಲ್ಲಿ ಜಾನ್ ಬಾಕಾಲ್ ಮತ್ತು ಎಡ್ವಿನ್ ಸಾಲ್ಪೀಟರ್ ಇದನ್ನೇ ಹೇಳಿದರು. 1966ರಲ್ಲಿ 3ಸಿ 191ರ ಬೆಳಕಿನಲ್ಲಿ ಕಪ್ಪು ಗೆರೆಗಳು ಸಿಕ್ಕೇಬಿಟ್ಟವು.

ಜಗಳ ಶುರುವಾಗಿದ್ದು ಇಲ್ಲಿಂದ. ಆ ಗೆರೆಗಳ ರೆಡ್‌ಶಿಫ್ಟ್ ಹೆಚ್ಚುಕಮ್ಮಿ ಕ್ವೇಸಾರ್‌ನದ್ದೇ ಆಗಿತ್ತು! ಅಂದ್ರೆ ಅನಿಲ ದಾರಿಯಲ್ಲಿಲ್ಲ, ದೀಪದ ಪಕ್ಕದಲ್ಲೇ ಇದೆ. ಕ್ವೇಸಾರ್ ತಾನೇ ಉಗುಳಿದ ಹೊಗೆ ಇದು ಅನ್ನೋದು ಬರ್ಬಿಡ್ಜ್ ದಂಪತಿಯಂಥವರ ವಾದ. ಆಗ ಕೈಲಿದ್ದ ಪುರಾವೆಗೆ ಅದು ಪೂರ್ತಿ ನ್ಯಾಯವಾದ ವಾದ. ಆಮೇಲೆ ಪಿಕೆಎಸ್ 0237-23 ಎಂಬ ಒಂದೇ ಕ್ವೇಸಾರ್‌ನಲ್ಲಿ ಬೇರೆಬೇರೆ ರೆಡ್‌ಶಿಫ್ಟ್‌ನ ಗೆರೆಗಳ ಗುಂಪುಗಳು ಕಂಡವು. ಕ್ವೇಸಾರ್‌ನದ್ದು 2.22 ಆದರೆ ಒಂದು ಗುಂಪಿನದ್ದು ಬರೀ 1.36. ಇದನ್ನೂ ಉಗುಳಿದ ಹೊಗೆ ಅನ್ನಬೇಕಾದರೆ, ಅದು ಬೆಳಕಿನ ವೇಗದ ಹತ್ತರಲ್ಲಿ ಮೂರು ಪಾಲು ವೇಗದಲ್ಲಿ ನಮ್ಮ ಕಡೆ ನುಗ್ಗುತ್ತಿರಬೇಕು. 1969ರಲ್ಲಿ ಬಾಕಾಲ್, ಸ್ಪಿಟ್ಜರ್ ಇಬ್ಬರೂ ಸೇರಿ ಸರಳ ಉತ್ತರ ಕೊಟ್ಟರು: ದಾರಿಯಲ್ಲಿ ಸಿಗುವ ಸಾಮಾನ್ಯ ಗ್ಯಾಲಕ್ಸಿಗಳ ವಿಸ್ತಾರವಾದ ಹೊರ ಅಂಗಳವೇ ಈ ಗೆರೆಗಳನ್ನ ಎಳೆಯುತ್ತಿದೆ.

ಉತ್ತರ ಸರಳವಾಗಿದ್ದರೂ ಸಾಬೀತು ಮಾಡೋದು ಸುಲಭವಿರಲಿಲ್ಲ. ಗೆರೆ ಸಿಕ್ಕರೆ ಸಾಲದು, ಅದನ್ನ ಎಳೆದ ಗ್ಯಾಲಕ್ಸಿಯೂ ಸಿಗಬೇಕು. ಅದೋ, ಕಣ್ಣು ಕೋರೈಸುವ ದೀಪದ ಪಕ್ಕದ ಮಸುಕು ಚುಕ್ಕೆ.

ಇಲ್ಲಿ ನೆರವಿಗೆ ಬಂದದ್ದು ಮೆಗ್ನೀಸಿಯಂ. ತಂಪು ಅನಿಲದಲ್ಲಿ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಮೆಗ್ನೀಸಿಯಂ 2796 ಮತ್ತು 2803 ಆಂಗ್‌ಸ್ಟ್ರಾಮ್‌ನಲ್ಲಿ ಜೋಡಿ ಗೆರೆ ಎಳೆಯುತ್ತೆ. ರೆಡ್‌ಶಿಫ್ಟ್ ಎಷ್ಟೇ ಇರಲಿ, ಎರಡರ ಅನುಪಾತ ಬದಲಾಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಚೆಕ್‌ಸಮ್ ಇದ್ದ ಹಾಗೆ. ಇವು ನೇರಳಾತೀತ ಗೆರೆಗಳು, ವಾತಾವರಣ ತಡೆದುಬಿಡುತ್ತೆ. ಆದರೆ ರೆಡ್‌ಶಿಫ್ಟ್ 0.43 ಇದ್ದರೆ ಜೋಡಿ ಸುಮಾರು 4,000 ಆಂಗ್‌ಸ್ಟ್ರಾಮ್‌ಗೆ ಜಾರಿ, ನೆಲದ ಮೇಲಿನ ದೂರದರ್ಶಕಕ್ಕೇ ಸಿಗುತ್ತೆ.

1986ರಲ್ಲಿ ಫ್ರಾನ್ಸ್‌ನ ಜಾಕ್ಲೀನ್ ಬರ್ಜೆರಾನ್ ಮಾಡಿದ್ದು ಇದನ್ನೇ. ಪಿಕೆಎಸ್ 2128-12 ಕ್ವೇಸಾರ್‌ನಲ್ಲಿ 0.43ರ ಮೆಗ್ನೀಸಿಯಂ ಜೋಡಿ ಮೊದಲೇ ಗೊತ್ತಿತ್ತು. ಅವರು ಪಕ್ಕದ ಮಸುಕು ಗ್ಯಾಲಕ್ಸಿಯ ಬೆಳಕನ್ನ ಬೇರೆಯಾಗಿ ಹಿಡಿದು ಅಳೆದರು. ಅದರದ್ದೂ 0.43! ಅವರ ಅಂದಿನ ಲೆಕ್ಕದಲ್ಲಿ ಅನಿಲದ ಹರವು 65 ಕಿಲೋಪಾರ್ಸೆಕ್, ಅಂದ್ರೆ ಸುಮಾರು 2.1 ಲಕ್ಷ ಜ್ಯೋತಿರ್ವರ್ಷ. ನಮ್ಮ ಕ್ಷೀರಪಥದ ತಟ್ಟೆಯ ತ್ರಿಜ್ಯ ಐವತ್ತು ಸಾವಿರದ ಆಸುಪಾಸು ಅಷ್ಟೇ. ಬರ್ಬಿಡ್ಜ್ ಪಕ್ಷ ಪೂರ್ತಿ ಸೋತಿತು ಅಂದುಕೊಳ್ಳಬೇಡಿ. ಕೆಲವು ಗೆರೆಗಳು ನಿಜಕ್ಕೂ ಕ್ವೇಸಾರ್ ಉಗುಳಿದವೇ.

2009ರಲ್ಲಿ ಹಬಲ್‌ಗೆ ಕಾಸ್ಮಿಕ್ ಆರಿಜಿನ್ಸ್ ಸ್ಪೆಕ್ಟ್ರೋಗ್ರಾಫ್ ಜೋಡಿಸಿದ ಮೇಲೆ ಹತ್ತಿರದ ಗ್ಯಾಲಕ್ಸಿಗಳ ಸರದಿ ಬಂತು. ಕಾಸ್-ಹೇಲೋಸ್ ತಂಡ 44 ಗ್ಯಾಲಕ್ಸಿಗಳನ್ನ ಪರೀಕ್ಷಿಸಿ ಹೊಸ ತಲೆನೋವು ತಂದಿಟ್ಟಿತು: ನಕ್ಷತ್ರ ಹುಟ್ಟಿಸೋದನ್ನ ನಿಲ್ಲಿಸಿದ ಮುದಿ ಗ್ಯಾಲಕ್ಸಿಗಳ ಸುತ್ತಲೂ ತಂಪು ಅನಿಲ ಧಾರಾಳವಾಗಿದೆ. ಗೋಡೌನ್ ತುಂಬಿದೆ, ಫ್ಯಾಕ್ಟರಿಗೆ ಮಾತ್ರ ಬೀಗ. ಯಾಕೆ ಅನ್ನೋ ವಾದ ಇನ್ನೂ ನಡೀತಿದೆ.

ಪುಣೆಯಲ್ಲಿರೋರಿಗೆ ಒಂದು ಮಾತು. ನಾಸಿಕ್ ರಸ್ತೆಯಲ್ಲಿ ನಾರಾಯಣಗಾಂವ್ ದಾಟುವಾಗ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ನೆನಪಿಸಿಕೊಳ್ಳಿ. ತಲಾ 45 ಮೀಟರ್‌ನ ಅದರ 30 ಡಿಶ್‌ಗಳು ಇನ್ನೂ ತಣ್ಣಗಿನ ಹೈಡ್ರೋಜನ್ನಿನ 21 ಸೆಂಟಿಮೀಟರ್ ಗೆರೆಯನ್ನೂ ಕ್ವೇಸಾರ್‌ಗಳ ರೇಡಿಯೋ ಬೆಳಕಿನಲ್ಲಿ ಹುಡುಕುತ್ತವೆ. ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್‌ನಲ್ಲಿ ನಡೆಯುವ ಇಂಥದೇ ದೊಡ್ಡ ಹುಡುಕಾಟದ ನೇತೃತ್ವ ಪುಣೆಯ ಐಯುಕಾದ್ದು. ಆ ಡೇಟಾ ಸೋಸುವ 'ಆರ್ಟಿಪ್' ಪೈಪ್‌ಲೈನ್ ಬರೆದದ್ದು ಐಯುಕಾದವರ ಜೊತೆ ಕೂತ ಥಾಟ್‌ವರ್ಕ್ಸ್ ಕಂಪನಿಯ ನಮ್ಮಂಥ ಎಂಜಿನಿಯರ್‌ಗಳು.